ಬಾಡಿನ ಮಡಕೆಯಲ್ಲಿ ಹಲಸಿನಕಾಯಿ

ನಮ್ಮ ಮನೆಯಲ್ಲಿ ಎರಡು ಅಡುಗೆಮನೆಗಳಿವೆ. ಹಾಗೆಂದ ಕೂಡಲೇ ನಮ್ಮನ್ನು ಸಾಹುಕಾರರು ಅಂದುಕೊಳ್ಳಬೇಡಿ. ಒಂದು ಒಳಗಿನದು, ಗ್ಯಾಸ್ ಒಲೆ ಇರುವುದು. ಇನ್ನೊಂದು ಹಿತ್ತಲಿನ ಮೂರು ಕಲ್ಲು, ಅದರ ಪಕ್ಕದಲ್ಲಿ ಬೋರಲು ಹಾಕಿದ ಒಂದು ದೊಡ್ಡ ಮಣ್ಣಿನ ಮಡಕೆ. ಅದು ಬಾಡಿನ ಮಡಕೆ. ಮಾಂಸ ಬೇಯುವುದು ಅದರಲ್ಲಿ ಮಾತ್ರ, ಹಿತ್ತಲಿನಲ್ಲಿ ಮಾತ್ರ, ಸೋಮವಾರ ಮತ್ತು ಶನಿವಾರ ಬಿಟ್ಟು ಮಾತ್ರ. ಈ ಕಾನೂನು ಅಜ್ಜಿಯದು. ದೇಶದ ಕಾನೂನಿಗೆ ತಿದ್ದುಪಡಿ ತರಬಹುದು, ಅಜ್ಜಿಯದಕ್ಕೆ ಆಗುವುದಿಲ್ಲ.

ಆ ಮಡಕೆಯ ಮುಖ್ಯ ಫಲಾನುಭವಿ ನಮ್ಮಪ್ಪ. ಅಪ್ಪ ಬಾಡು ಉಣ್ಣುವುದನ್ನು ನೋಡುವುದೇ ಒಂದು ಊಟ. ಮುದ್ದೆ ಮುರಿದು ಎಸರಿಗೆ ಅದ್ದಿ ನುಂಗಿ, ಆಮೇಲೆ ಒಂದೊಂದೇ ಮೂಳೆಯನ್ನು ಬಾಯಲ್ಲಿಟ್ಟು ಕಣ್ಣು ಮುಚ್ಚಿ ಹೀರಿ, ಎಲೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಊಟ ಮುಗಿದಾಗ ಎಲೆಯ ಸುತ್ತ ಬೇಲಿ ಕಟ್ಟಿದ ಹಾಗಿರುತ್ತಿತ್ತು.

ಕಳೆದ ವರ್ಷ ಕಬ್ಬು ಕಡಿಸುವ ಹೊತ್ತಿನಲ್ಲಿ ಅಪ್ಪ ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತುಬಿಟ್ಟ. ಮೈಸೂರಿಗೆ ಕರೆದುಕೊಂಡು ಹೋದೆವು. ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, “ಮಟನ್ ಕಮ್ಮಿ ಮಾಡಬೇಕು. ತಿಂದರೂ ಒಂದೆರಡು ತುಂಡು” ಅಂದರು.

ಅಪ್ಪ ಬಹಳ ವಿನಯದಿಂದ ಕೇಳಿದ: “ಒಂದೆರಡು ತುಂಡು ಅಂದ್ರೆ ತುತ್ತಿಗಾ, ಊಟಕ್ಕಾ ಸ್ವಾಮಿ?”

ಡಾಕ್ಟರು ನಗಲಿಲ್ಲ. ಅವ್ವನೂ ನಗಲಿಲ್ಲ.

ಒಂದೆರಡು ತುಂಡಿನ ಕಾರ್ಯಕ್ರಮ ಮೊದಲ ಭಾನುವಾರವೇ ಮುಗಿದುಹೋಯಿತು. ಅವ್ವ ಎಣಿಸಿ ಹಾಕಿದಳು, ಅಪ್ಪ ಎಣಿಸದೆ ತಿಂದ. ಅವ್ವ ಹಿತ್ತಲಿಗೆ ಹೋಗಿ ಮಡಕೆಯನ್ನು ಬೋರಲು ಹಾಕಿ ಬಂದಳು. “ಮನೇಲಿ ಬೆಂದ್ರೆ ತಾನೆ ತಿನ್ನಾದು? ಇನ್ಮೇಲೆ ಈ ಮನೇಲಿ ಬಾಡು ಬೇಯಕಿಲ್ಲ. ಯಾರ್ಗೂ ಇಲ್ಲ, ಎಲ್ರಿಗೂ ಇಲ್ಲ” ಅಂದಳು. ಅಪ್ಪ ಒಪ್ಪಿಕೊಂಡ. ಆದರೆ ಭಾನುವಾರ ಬಂತೆಂದರೆ ಜಗುಲಿಯಿಂದ ಎದ್ದು ಹೋಗಿ, ಮುದಿ ಎತ್ತನ್ನು ನೋಡುವ ಹಾಗೆ ಆ ಮಡಕೆಯನ್ನು ನೋಡಿ ಬರುತ್ತಿದ್ದ. ಅವರೆಕಾಳಿನ ಎಸರು ಉಣ್ಣುವಾಗಲೂ ಬೆರಳು ಎಲೆಯ ಅಂಚಿನಲ್ಲಿ ಏನನ್ನೋ ಹುಡುಕುತ್ತಿತ್ತು. “ಮೂಳೆ ಇಲ್ದಿದ್ರೆ ಊಟ ಮುಗೀತು ಅಂತಾನೇ ಗೊತ್ತಾಗಕಿಲ್ಲ ಕಣ್ಲಾ” ಅಂದ ಒಂದು ದಿನ.

ಅಪ್ಪನ ಈ ಕಷ್ಟ ನೋಡಲಾರದೆ ನಾನು ಅಡುಗೆಗೆ ಇಳಿದೆ. ನಾನು ಪಾಂಡವಪುರದಲ್ಲಿ ಮೊಬೈಲ್ ರಿಪೇರಿ ಮಾಡುವವನು. ಸತ್ತ ಫೋನನ್ನು ಬದುಕಿಸುವ ನನಗೆ ಸತ್ತ ಬಾಯಿರುಚಿ ಯಾವ ಲೆಕ್ಕ ಅಂದುಕೊಂಡೆ. ಶ್ರೀರಂಗಪಟ್ಟಣಕ್ಕೆ ಬಿಡಿಭಾಗ ತರಲು ಹೋದವನು ಅಲ್ಲಿಂದ ಸೋಯಾ ಉಂಡೆಯ ದೊಡ್ಡ ಪ್ಯಾಕೆಟ್ ತಂದೆ. ನೋಡಲು ಗೋಲಿಯಷ್ಟು. ಇಡೀ ಮನೆಗೆ ಸಾಲುವುದಿಲ್ಲ ಅನ್ನಿಸಿ ಪೂರ್ತಿ ಪ್ಯಾಕೆಟ್ಟನ್ನು ಕುದಿಯುವ ನೀರಿಗೆ ಸುರಿದು, ಫೋನ್ ಬಂತು ಅಂತ ಹೊರಗೆ ಹೋದೆ. ಬಂದು ನೋಡಿದರೆ ಮುಚ್ಚಳ ತನ್ನಷ್ಟಕ್ಕೆ ತಾನೇ ಮೇಲೆ ಏಳುತ್ತಿದೆ! ಉಂಡೆಗಳು ಊದಿ, ಒಲೆ ದಾಟಿ, ಕಟ್ಟೆ ಇಳಿದು, ಇನ್ನೇನು ಪಡಸಾಲೆಗೆ ಬಂದು ಕುಳಿತು ಟೀವಿ ಹಾಕುವುದರಲ್ಲಿದ್ದವು. ನೀರು ಹಿಂಡಬೇಕು ಅನ್ನುವುದೂ ನನಗೆ ಗೊತ್ತಿರಲಿಲ್ಲ. ಅಪ್ಪ ಒಂದನ್ನು ಕಚ್ಚಿದ. ಅದರೊಳಗಿನ ಬಿಸಿನೀರು ಚಿಮ್ಮಿ ಎದುರಿಗಿದ್ದ ನನ್ನ ಕಣ್ಣಿಗೇ ಬಿತ್ತು.

“ಗುರಿ ಪಸಂದಾಗೈತೆ” ಅಂದ ಅಪ್ಪ. “ಎಮ್ಮೆಗೆ ಹಾಕ್ಬುಡು.”

ಎಮ್ಮೆ ಮೂಸಿ ನೋಡಿ, ನನ್ನನ್ನೂ ಒಮ್ಮೆ ನೋಡಿ, ಹಿಂದಕ್ಕೆ ಸರಿಯಿತು.

ಇಷ್ಟಾಗುವಾಗ ಯುಗಾದಿ ಹತ್ತಿರ ಬಂತು. ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡು ಬೇಯದ ಮನೆ ಇಲ್ಲ. ಊರಿನವರು ಒಟ್ಟಾಗಿ ಕುರಿ ಕೊಯ್ದು, ಸಮನಾಗಿ ಗುಡ್ಡೆ ಹಾಕಿ, ಮನೆಗೊಂದು ಗುಡ್ಡೆ ಹಂಚಿಕೊಳ್ಳುತ್ತಾರೆ. ಸಾಲದ್ದಕ್ಕೆ ಅಕ್ಕನ ಮದುವೆಯಾಗಿ ಅದು ಮೊದಲ ಯುಗಾದಿ. ಅಕ್ಕನನ್ನು ಕೊಟ್ಟಿರುವುದು ನಾಗಮಂಗಲದ ಕಡೆಗೆ, ಬೆಳ್ಳೂರಿನ ಹತ್ತಿರದ ಊರಿಗೆ. ಆಸ್ಪತ್ರೆಗೆ ಅಪ್ಪನನ್ನು ನೋಡಲು ಬಂದಿದ್ದ ಭಾವನ ತಂದೆ, ಮೂಸಂಬಿಯ ಚೀಲವನ್ನು ಮಂಚದ ಮೇಲಿಟ್ಟು, “ಬೀಗ್ರೆ, ಹೊಸ್ತೊಡ್ಕಿಗೆ ನಾವೆಲ್ಲಾ ನಿಮ್ಮನೇಗೇ ಬರಾದು. ಅಷ್ಟೊತ್ತಿಗೆ ಸರಿಯಾಗ್ಬುಡಿ” ಎಂದು ಹೇಳಿ ಹೋಗಿದ್ದರು.

ಅವ್ವನಿಗೆ ನಿದ್ದೆ ಹಾರಿಹೋಯಿತು. ಬಾಡು ಮಾಡಿದರೆ ಬೀಗರ ಜೊತೆ ಪಂಕ್ತಿಯಲ್ಲಿ ಕುಳಿತ ಅಪ್ಪ ಕೈ ಕಟ್ಟಿಕೊಂಡು ಇರುವವನಲ್ಲ. ಮಾಡದಿದ್ದರೆ ಹೊಸತೊಡಕಿನ ದಿನ ಹೊಸ ಅಳಿಯನಿಗೆ ಸೊಪ್ಪಿನ ಸಾರು ಇಕ್ಕಿದ ಮನೆ ಅಂತ ಅಕ್ಕ ಅಲ್ಲಿ ವರ್ಷಗಟ್ಟಲೆ ಮಾತು ಕೇಳಬೇಕು. “ಒಂದ್ ಕಡೆ ಗಂಡ, ಇನ್ನೊಂದ್ ಕಡೆ ಮಗಳು. ನಾನು ಯಾರ್ನ ಉಳುಸ್ಕಳನೋ?” ಅಂತ ಅಕ್ಕಿ ಆರಿಸುತ್ತಲೇ ಕೇಳಿದಳು.

“ನಾನಿದೀನಲ್ಲವ್ವ” ಅಂದೆ.

“ಅದೇ ಕಣಪ್ಪ ಭಯ” ಅಂದಳು.

ನಮ್ಮ ಹೊಲದ ಬದುವಿನಲ್ಲಿ ಒಂದು ಹಲಸಿನ ಮರವಿದೆ. ಎಳೆಯ ಹಲಸಿನಕಾಯಿಯನ್ನು ಬಾಡಿನ ಮಸಾಲೆಯಲ್ಲಿ ಬೇಯಿಸಿದರೆ ನಾರು ನಾರಾಗಿ ಮಾಂಸದಂತೆಯೇ ಇರುತ್ತದೆ ಎಂದು ಯಾರೋ ಹೇಳಿದ್ದರು. ಒಂದು ಕಾಯಿ ಕಿತ್ತು ತಂದು ತಾಲೀಮಿಗೆ ಕುಳಿತೆ. ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಅನ್ನುವುದನ್ನು ಮರೆತಿದ್ದೆ. ಹಲಸಿನ ಮೇಣ ಮೊದಲು ಚಾಕುವನ್ನು ಹಿಡಿಯಿತು, ಆಮೇಲೆ ಕೈಯನ್ನು. ಅಷ್ಟರಲ್ಲಿ ಗಿರಾಕಿಯೊಬ್ಬ ಫೋನ್ ಮಾಡಿದ. ಎತ್ತಿದೆ. ಮಾತು ಮುಗಿಯಿತು, ಫೋನ್ ಮಾತ್ರ ಕಿವಿ ಬಿಡಲಿಲ್ಲ. ಕೊನೆಗೆ ಅವ್ವ ಕೊಬ್ಬರಿ ಎಣ್ಣೆ ಹಾಕಿ ಬಿಡಿಸಿದಳು. ಜೊತೆಗೆ ಒಂದಿಷ್ಟು ಕೂದಲೂ ಬಂತು. ಇವತ್ತಿಗೂ ಆ ಜಾಗದಲ್ಲಿ ನನ್ನ ಕ್ರಾಪು ಸ್ವಲ್ಪ ತೆಳ್ಳಗಿದೆ.

ಅದೂ ಇರಲಿ. ಧನಿಯಾ, ಗಸಗಸೆ, ಚಕ್ಕೆ, ಲವಂಗ ಹುರಿದು, ಈರುಳ್ಳಿ ಬೆಳ್ಳುಳ್ಳಿ ತೆಂಗಿನಕಾಯಿ ರುಬ್ಬಿ, ಒಳಗಿನ ಅಡುಗೆಮನೆಯಲ್ಲಿ, ತರಕಾರಿಯ ಪಾತ್ರೆಯಲ್ಲಿ ಹಲಸಿನಕಾಯಿ ಬೇಯಲು ಇಟ್ಟೆ. ಘಮ ಹೇಗೆ ಎದ್ದಿತೆಂದರೆ ಪಕ್ಕದ ಮನೆಯ ಚಿಕ್ಕವ್ವ ಕಾಂಪೌಂಡಿನ ಮೇಲೆ ತಲೆ ಇಟ್ಟು, “ಏನ್ಲಾ ಇದು, ಇವತ್ತು ಬಾಡಾ?” ಅಂದಳು. ನನಗೆ ಹೆಮ್ಮೆಯೋ ಹೆಮ್ಮೆ. ಆ “ಇವತ್ತು” ಅನ್ನುವ ಮಾತಿನ ಕಡೆ ಗಮನವೇ ಹೋಗಲಿಲ್ಲ.

ಅವತ್ತು ಶನಿವಾರ. ಅಜ್ಜಿ ತಿಮ್ಮಪ್ಪನ ಗುಡಿಯಿಂದ ಹಣೆಗೆ ನಾಮ ಇಟ್ಟು, ಕೈಯಲ್ಲಿ ತುಳಸಿ ಹಿಡಿದು ಬರುತ್ತಿದ್ದಾಳೆ. ಬಾಗಿಲಲ್ಲೇ ನಿಂತಳು. ಮೂಗು ಒಮ್ಮೆ ಅರಳಿತು. ಹಿಂದಕ್ಕೆ ತಿರುಗಿದವಳು ಕೊಟ್ಟಿಗೆಯಿಂದ ಗಂಜಲದ ಚೆಂಬು ಹಿಡಿದೇ ಒಳಗೆ ಬಂದಳು. ಹೊಸ್ತಿಲಿಗೆ, ಗೋಡೆಗೆ, ಒಲೆಗೆ ಚಿಮುಕಿಸಿ, ಉಳಿದದ್ದನ್ನು ಒಟ್ಟಾಗಿ ನನ್ನ ನೆತ್ತಿಯ ಮೇಲೆ ಸುರಿದಳು.

“ಶನಿವಾರ್ದಲ್ಲಿ, ಒಳಗ್ಲೊಲೇಲಿ ಬಾಡು ಬೇಯುಸ್ತೀಯಾ ಮೂದೇವಿ!”

“ಅಜ್ಜೀ, ಹಲಸಿನ್ಕಾಯಿ ಕಣಜ್ಜೀ!”

“ಸುಳ್ಳು ಬೊಗಳ್ಬ್ಯಾಡ. ನಾನೇನ್ ನಿನ್ನೆ ಮೊನ್ನೆ ಉಣ್ಣಾಕ್ ಕಲ್ತೋಳಾ?”

ಸೌಟಿನಲ್ಲಿ ಎತ್ತಿ ತೋರಿಸಿದೆ. ಅವಳು ಹತ್ತಿರ ಬಂದು ನೋಡಿದಳು. ಹಲಸಿನಕಾಯಿಯೇ ಹೌದು. ಆದರೂ ತೀರ್ಪು ಬದಲಾಗಲಿಲ್ಲ. “ವಾಸ್ನೆ ಬಾಡಿಂದು. ಉಪಾಸ ಇರೋ ಬಾಯಲ್ಲಿ ನೀರ್ ತರ್ಸೋದು ಬಾಡಲ್ದೆ ಇನ್ನೇನ್ಲಾ? ಇನ್ಮೇಲೆ ಇದ್ನ ಹಿತ್ಲಲ್ಲಿ, ಬಾಡಿನ್ ಮಡ್ಕೇಲಿ ಮಾಡು. ಸ್ವಾಮಾರ ಶನಿವಾರ ಮುಟ್ಬ್ಯಾಡ.” ಆ ತರಕಾರಿಯ ಪಾತ್ರೆಯೂ ಅವತ್ತೇ ಮನೆಯಿಂದ ಗಡೀಪಾರಾಗಿ ಕೋಳಿಗಳ ನೀರಿಗೆ ಹೋಯಿತು.

ಗಂಜಲ ತೊಳೆದುಕೊಳ್ಳುವಾಗ ನನಗೆ ಹೊಳೆಯಿತು: ಅಜ್ಜಿ ನನಗೆ ಕೊಟ್ಟದ್ದು ಶಿಕ್ಷೆಯಲ್ಲ, ಪ್ರಶಸ್ತಿ. ಊರಿನಲ್ಲಿ ಅವಳಷ್ಟು ಬಾಡು ಬೇಯಿಸಿದವರಿಲ್ಲ. ಅವಳೇ ಮೋಸ ಹೋಗಿದ್ದಳು.

ಅವ್ವನೂ ಆಮೇಲೆ ನನ್ನ ಪಕ್ಷಕ್ಕೆ ಬಂದಳು; ಹೊಸತೊಡಕಿಗೆ ಹಲಸಿನಕಾಯಿಯೇ ಎಂದು ತೀರ್ಮಾನವಾಯಿತು. ಕಾಯಿಯನ್ನು ಮೊದಲು ಅರ್ಧ ಬೇಯಿಸಿ, ಎಣ್ಣೆಯಲ್ಲಿ ಅಂಚು ಕೆಂಪಗಾಗುವವರೆಗೆ ಹುರಿದು ಆಮೇಲೆ ಮಸಾಲೆಗೆ ಹಾಕಬೇಕು ಎಂದು ಕಲಿಸಿಕೊಟ್ಟಳು. ಒಂದೇ ಒಂದು ವಿಷಯ ಮಾತ್ರ ನನ್ನ ಸ್ವಂತದ್ದು. ಅಪ್ಪನಿಗೆ ಮೂಳೆ ಬೇಕು. ಹಲಸಿನಕಾಯಿಗೆ ಮೂಳೆ ಇಲ್ಲ. ಆದರೆ ನುಗ್ಗೇಕಾಯಿಗೆ ಇದೆಯಲ್ಲ! ಕಚ್ಚಬಹುದು, ಹೀರಬಹುದು, ಹೀರಿ ಎಲೆಯ ಅಂಚಿಗೆ ಇಡಬಹುದು. ಇದನ್ನು ಕಂಡುಹಿಡಿದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ನಕ್ಕದ್ದು ನೋಡಿ, ಎದುರಿಗಿದ್ದ ಗಿರಾಕಿ ತನ್ನ ಫೋನ್ ವಾಪಸು ಇಸಿದುಕೊಂಡು ಹೋದ.

ಹೊಸತೊಡಕಿನ ಬೆಳಿಗ್ಗೆ ಅಪ್ಪ ಗುಡ್ಡೆ ಹಾಕುವ ಜಾಗಕ್ಕೆ ತಾನೇ ಹೋದ. ಏನು ಮಾಡುತ್ತಾನೋ ಅಂತ ಅವ್ವ ನನ್ನನ್ನು ಹಿಂದೆಯೇ ಓಡಿಸಿದಳು.

“ಈ ಸಲ ನಮ್ಮನೇಗೆ ಗುಡ್ಡೆ ಬ್ಯಾಡ ಕಣ್ರಲಾ” ಅಂದ ಅಪ್ಪ.

“ಯಾಕಣ್ಣ, ಕಾಶಿಗೆ ಹೊಂಟ್ಯಾ?” ಅಂದ ಒಬ್ಬ. ಎಲ್ಲರೂ ನಕ್ಕರು.

“ಹೋಗಬಾರ್ದು ಅಂತಾನೇ ಕಣ್ಲಾ ಬ್ಯಾಡ ಅಂತಿರಾದು” ಅಂದ ಅಪ್ಪ. ಹಾಕಿದ್ದ ಗುಡ್ಡೆಗಳಲ್ಲಿ ಒಂದನ್ನು ಒಡೆದು ಬೇರೆಯವಕ್ಕೆ ಸೇರಿಸಿದರು.

ಮಧ್ಯಾಹ್ನ ಬೀಗರು ಬಂದರು: ಅಕ್ಕ, ಭಾವ, ಭಾವನ ತಂದೆ. ಇಡೀ ಬೀದಿ ಬಾಡಿನ ಘಮದಲ್ಲಿ ಮುಳುಗಿತ್ತು. ಹಿತ್ತಲಿನಲ್ಲಿ ನಾನು ಬಾಡಿನ ಮಡಕೆಯ ಮುಂದೆ ಬೆವರಿಳಿಸುತ್ತಾ ನಿಂತಿದ್ದೆ. ನಮ್ಮ ಘಮವೂ ಕಮ್ಮಿಯಿರಲಿಲ್ಲ. ಎಲೆ ಹಾಕಿ, ಮುದ್ದೆ ಇಟ್ಟಾಯಿತು. ನಾನು ಎಸರು ಒಳಗೆ ತಂದೆ, ಇನ್ನೇನು ಬಡಿಸಬೇಕು. ಪಕ್ಕದ ಮನೆಯ ಚಿಕ್ಕವ್ವ ಮುಚ್ಚಿದ ಪಾತ್ರೆಯೊಂದನ್ನು ಸೆರಗಿನಲ್ಲಿ ಹಿಡಿದು ನೇರವಾಗಿ ಪಡಸಾಲೆಗೇ ಬಂದಳು. ಅದನ್ನು ಅಪ್ಪನ ಎಲೆಯ ಪಕ್ಕದಲ್ಲಿ ಇಟ್ಟು, “ಬೀಗ್ರು ಬಂದವ್ರೆ, ಮನೇಲಿ ಬಾಡಿಲ್ಲ ಅಂದ್ರೆ ಚೆಂದಾಗಿರ್ತದಾ? ನಮ್ಮನೇದು, ಉಣ್ಣಿ” ಎಂದು ಹೇಳಿ ಹೊರಟುಹೋದಳು.

ಅಪ್ಪ ಮುಚ್ಚಳ ತೆಗೆದ. ಮೇಲೆ ತೇಲುತ್ತಿದ್ದ ಕೆಂಪು ಜಿಡ್ಡು, ಅದರ ನಡುವೆ ಮಜ್ಜೆ ತುಂಬಿದ ದಪ್ಪದೊಂದು ನಲ್ಲಿ ಮೂಳೆ. ಅವ್ವ ಕೈಯಲ್ಲಿ ಸೌಟು ಹಿಡಿದವಳು ಹಾಗೆಯೇ ನಿಂತಳು. ಅಕ್ಕ ನೆಲ ನೋಡಿದಳು. ಅಪ್ಪ ಆ ಮೂಳೆಯನ್ನು ನೋಡುತ್ತಲೇ ಇದ್ದ, ನಾನು ಅಪ್ಪನನ್ನು ನೋಡುತ್ತಲೇ ಇದ್ದೆ.

ಅಪ್ಪ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಬೀಗರ ಕಡೆ ಸರಿಸಿದ.

“ಬೀಗ್ರೆ, ಇದು ಪಕ್ಕದ್ಮನೇರು ಕೊಟ್ಟ ಬಾಡು. ಹಿತ್ಲಲ್ಲಿ ಬೆಂದಿರಾದು ಹಲಸಿನ್ಕಾಯಿ, ನನ್ ಮಗ ಮಾಡವ್ನೆ. ನಮ್ಮನೇಲಿ ಈಗ ಬಾಡು ಮಾಡಕಿಲ್ಲ. ನಾನು ಉಣ್ಣಾದು ಹಲಸಿನ್ಕಾಯಿನೇ. ನೀವು ಯಾವ್ದಾರ ಉಣ್ಣಿ, ಹೊಟ್ಟೆ ತುಂಬಾ ಉಣ್ಣಿ.”

ತಗ್ಗಿದ ದನಿಯಲ್ಲಿ ಅಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ. ಮಾತು ಮುಗಿಸಿ ನನ್ನ ಕಡೆ ತಿರುಗಿ, “ಏನ್ಲಾ ನೋಡ್ತಾ ನಿಂತೆ? ಇಕ್ಲಾ” ಅಂದ.

ಅವ್ವನ ಕೈಯಿಂದ ಸೌಟು ತೆಗೆದುಕೊಂಡು, ಗಡಿಬಿಡಿಯಲ್ಲಿ ಮೊದಲ ಸೌಟನ್ನು ಭಾವನ ಬಿಳಿ ಪಂಚೆಗೇ ಬಡಿಸಿದೆ. ಪಾಪ, ಭಾವ ಹೊಸಬರು, “ಪರವಾಗಿಲ್ಲ” ಅಂದರು. ಎರಡನೆಯ ಸೌಟು ಎಲೆಗೆ ಬಿತ್ತು.

ಬೀಗರು ಮೊದಲು ಪಕ್ಕದ ಮನೆಯ ಬಾಡಿನಲ್ಲಿ ಒಂದು ಮುದ್ದೆ ಮುಗಿಸಿದರು. ಆಮೇಲೆ ಹಲಸಿನಕಾಯಿಗೆ ಕೈ ಹಾಕಿದರು. ಒಂದು ತುಂಡು ಅಗಿದರು. ಇನ್ನೊಂದನ್ನು ಬೆರಳಲ್ಲಿ ಎಳೆದು ನಾರು ನೋಡಿದರು. ನುಗ್ಗೇಕಾಯಿ ಹಿಡಿದು ಬಾಯಿಗಿಟ್ಟು ಹೀರಿ, ತಲೆ ಎತ್ತಿ ನನ್ನನ್ನು ದಿಟ್ಟಿಸಿದರು.

“ನುಗ್ಗೇಕಾಯಿನ ಮೂಳೆ ಮಾಡವ್ನಲ್ಲ ಈ ಕಳ್ನನ್ಮಗ! ಲೇ, ಇನ್ನೊಂದ್ ಮುದ್ದೆ ತಕಬಾ.”

ಅಕ್ಕ ತಲೆ ಎತ್ತಿದಳು. ಅವ್ವ ಮುದ್ದೆ ತರಲು ಓಡಿದಳು.

ಕೈ ತೊಳೆಯುವಾಗ ಬೀಗರು ಸುಮ್ಮನೆ ಬಿಡುತ್ತಾರೆಯೇ? “ಚೆನ್ನಾಗಿತ್ತು ಬೀಗ್ರೆ, ಇಲ್ಲ ಅನ್ನಾಕಿಲ್ಲ. ಆದ್ರೂ ಬಾಡು ಬಾಡೇ” ಅಂದರು.

“ಅದ್ಯಾರ್ ಅಲ್ಲ ಅಂದವ್ರೆ?” ಅಂದ ಅಪ್ಪ. “ನಿಮ್ಮೂರ್ ಹಬ್ಬಕ್ಕೆ ಬತ್ತೀವಿ. ನನ್ ಪಾಲಿನ ಬಾಡು ನೀವೇ ಉಣ್ಣಿ, ನನಗೆ ಎಸ್ರು ಮಾಡಾಕೆ ಇವ್ನೇ ಬತ್ತಾನೆ.”

ನಾನು ಎಲೆ ಎತ್ತಲು ಹೋದೆ. ಅಪ್ಪನ ಎಲೆಯ ಸುತ್ತ, ಹೀರಿ ಚಪ್ಪಟೆಯಾದ ನುಗ್ಗೇಕಾಯಿಯ ಸಿಪ್ಪೆಗಳು ಸಾಲಾಗಿ ಬೇಲಿ ಕಟ್ಟಿದ್ದವು. ಒಂದೂ ಆಚೀಚೆ ಇರಲಿಲ್ಲ. ಅವ್ವ ಅದನ್ನು ನೋಡಿದಳು. ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಹೊಗೆ ಕಣ್ಲಾ, ಹಿತ್ಲ ಒಲೇದು” ಅಂದಳು. ಒಲೆ ಆರಿ ಆಗಲೇ ಬಹಳ ಹೊತ್ತಾಗಿತ್ತು. ನಾನು ಆ ಎಲೆಯನ್ನು ಮಡಚದೆ, ದೇವರ ತಟ್ಟೆ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ, ಹೊಸ್ತಿಲು ಎಡವಿ, ಅಂಗಳದಲ್ಲೆಲ್ಲಾ ಚೆಲ್ಲಿದೆ.

ಆದದ್ದೆಲ್ಲ ಅಜ್ಜಿ ಮೂಲೆಯಲ್ಲಿ ಕುಳಿತು ನೋಡಿದ್ದಳು. ಅವಳೂ ಎರಡು ಸಲ ಬಡಿಸಿಕೊಂಡಿದ್ದಳು. ಮುಂದಿನ ಶನಿವಾರ ಗುಡಿಯಿಂದ ಬಂದವಳು ತುಳಸಿಯನ್ನು ದೇವರ ಮುಂದಿಟ್ಟು, ನೀರು ಕುಡಿದು, ಯಾರಿಗೋ ಹೇಳುವ ಹಾಗೆ ಗೋಡೆಗೆ ಹೇಳಿದಳು:

“ಮರದಲ್ ಬಿಡಾದು ತಾನೆ ಅದು. ತಿಮ್ಮಪ್ಪಂಗೆ ಗೊತ್ತಾಯ್ತದೆ. ಹೊಸ ಮಡ್ಕೆ ಒಂದ್ ತಕಬಂದ್ ಬುಡ್ಲಾ. ಒಳಗೇ ಮಾಡು, ಶನಿವಾರಾನೂ.”

ಹೊಸ ಮಡಕೆ ತಂದೆ. ಗಂಜಲದ ಚೆಂಬು ಎಲ್ಲಿದೆ ಎಂದು ನೋಡಿಕೊಂಡೇ ಒಳಗೆ ಒಲೆ ಹಚ್ಚಿದೆ. ಮೊದಲು ಭಾನುವಾರಕ್ಕಾಗಿ ವಾರವಿಡೀ ಕಾಯುತ್ತಿದ್ದ ನಮ್ಮಪ್ಪ ಈಗ ಶನಿವಾರವೂ ಎಲೆಯ ಸುತ್ತ ಬೇಲಿ ಕಟ್ಟುತ್ತಾನೆ.