ಮುರಿಗೆಪ್ಪನವರ ಚಟ್ನಿ ಡಬ್ಬಿ

ಬಾಲಾನಗರದ ಫ್ಯಾಕ್ಟರಿಯಲ್ಲಿ ವಿಮಾನದ ಬಿಡಿಭಾಗಗಳ ನಕ್ಷೆ ಬರೆದು ನಿವೃತ್ತರಾದ ಮುರಿಗೆಪ್ಪನವರಿಗೆ, ಹೆಂಡತಿ ನೀಲಮ್ಮ ಮಾರುವ ಗುರೆಳ್ಳು ಚಟ್ನಿಗೊಂದು ಚೆಂದದ ಡಬ್ಬಿ ಮಾಡುವ ಹುಚ್ಚು ಹಿಡಿದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಕೂತರೆ ರಟ್ಟು ಕತ್ತರಿಸುತ್ತಾರೆ, ನಿಂತರೆ ಅಂಟು ಮೂಸುತ್ತಾರೆ. ಊಟದ ನಡುವೆ ಎದ್ದುಹೋಗಿ, ಚಟ್ನಿಯ ಎಣ್ಣೆ ರಟ್ಟಿಗೆ ಜಿನುಗಿತೇನೋ ಎಂದು ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಅದಕ್ಕೂ ಎದುರಿನಿಂದ, ಮೇಲಿನಿಂದ, ಬದಿಯಿಂದ ಬೇರೆಬೇರೆ ನಕ್ಷೆ ಬೇಕು ಅವರಿಗೆ. “ಇವತ್ತ ಮಾಲು ಬರಲಿಲ್ಲಂದ್ರ ಬ್ಯಾರೇದವರದು ಇಡತೀವಿ ಅಂದಾರ್ರೀ ಬೇಗಂಪೇಟೆ ಅಂಗಡಿಯವರು. ಚಟ್ನಿ ತಿಂದು ಒಗಿಯೋ ಡಬ್ಬಿಗೆ ಇಷ್ಟ್ಯಾಕ ಒದ್ದಾಡಾಕತ್ತೀರಿ? ಇದನ್ನೂ ಹಾರಸಬೇಕೇನು?” ಎಂದು ನೀಲಮ್ಮ ಸಿಡುಕಿದರು. ಮುರಿಗೆಪ್ಪನವರ ಕತ್ತರಿ ನಿಂತಿತು. “ಫ್ಯಾಕ್ಟರ್‍ಯಾಗ ಎಲ್ಲಾ ಗುಟ್ಟಿನ ಕೆಲಸ. ಬರದದ್ದು ಒಂದ ಹಾಳಿನೂ ಗೇಟಿನ ಹೊರಗ ತರೂಹಂಗ ಇರಲಿಲ್ಲ. ನನ್ನ ಕೈಕೆಲಸ ನೀ ಒಮ್ಮೆರ ನೋಡೀಯೇನು?” ನೀಲಮ್ಮ ಕೈ ಒರೆಸಿಕೊಂಡು, ಚಾಳೀಸಿನ ಕನ್ನಡಕ ಏರಿಸಿ, ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. “ಈ ಮೂಲಿ ಒಂಚೂರು ಸೊಟ್ಟ ಆಗೇತಿ. ತಿದ್ದ್ರಿ,” ಎಂದು ಡಬ್ಬಿಯನ್ನು ಅವರ ಕೈಗಿಟ್ಟರು. “ಅಂಗಡಿಯವರಿಗೆ ನಾ ಹೇಳತೀನಿ.”