ಅಣ್ಣನ ಹಾಡಿನ ಅರ್ಥ ಹೇಳಲು ನಾಗಮಂಗಲಕ್ಕೆ

ಶನಿವಾರ ಬೆಳಗ್ಗೆ ಪಾಲಹಳ್ಳಿಯಲ್ಲಿ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಬಿ.ಪಿ. ಮಾತ್ರೆ ಮತ್ತು ಒಂದು ಅಚ್ಚು ಬೆಲ್ಲ ಇದ್ದವು. ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮನಸ್ಸು ಮಾಡಿದರೆ ನಾಗಮಂಗಲಕ್ಕೆ ಒಂದೇ ದಿನದಲ್ಲಿ ಹೋಗಿಬರಬಹುದು. ನಾನು ಮಾತ್ರ ದಾರಿಯಲ್ಲಿರುವ ಹಳೆಯ ಸ್ನೇಹಿತರ ಮನೆಗಳಿಗೆಲ್ಲ ಹೊಕ್ಕು, ಒಬ್ಬೊಬ್ಬರ ಮುಂದೆಯೂ ಒಂದು ತಪ್ಪು ಒಪ್ಪಿಕೊಂಡು ಹೋಗಬೇಕೆಂದು ಹೊರಟಿದ್ದೆ.

ಆ ತಪ್ಪು ಯಾವುದೆಂದು ಓದುಗರಿಗೂ ಹೇಳಿಬಿಡುತ್ತೇನೆ. ನಲವತ್ತು ವರ್ಷಗಳ ಹಿಂದೆ ನಾನು ನಮ್ಮೂರ ಹೊರಗಿನ ಆಲೆಮನೆಯಲ್ಲಿ ಬೆಲ್ಲ ತೂಗುವ ಕೆಲಸಕ್ಕಿದ್ದೆ. ಯಜಮಾನರು ಅಲ್ಲಿ ಒಂದು ರೇಡಿಯೊ ನೇತುಹಾಕಿದ್ದರು. ಅದರ ಮುಳ್ಳು ಓಡಿಸುವ ದಾರ ಕಿತ್ತುಹೋಗಿ, ಮುಳ್ಳು ಯಾವುದೋ ಪರದೇಶದ ಸ್ಟೇಷನ್ನಿನ ಮೇಲೆ ನಿಂತುಬಿಟ್ಟಿತ್ತು. ದಿನಾ ಮಧ್ಯಾಹ್ನ ಅದರಲ್ಲಿ ಇಂಗ್ಲಿಷ್ ಹಾಡುಗಳು. ಗಿಟಾರು, ಡ್ರಮ್ಮು, ಗಂಟಲು ಹರಿಯುವ ಕೂಗು. ಮೊದಮೊದಲು ಎಲ್ಲರೂ ಬೈದುಕೊಂಡೆವು. ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಆ ಹಾಡಿಲ್ಲದೆ ಪಾಕ ಇಳಿಸಲು ಬೇಜಾರಾಗತೊಡಗಿತು. ಈಗಿನ ಮಕ್ಕಳು ಅದನ್ನು ಕ್ಲಾಸಿಕ್ ರಾಕ್ ಅನ್ನುತ್ತಾರೆ. ನಮಗೆ ಹಾಡಿನ ಹೆಸರೂ ಗೊತ್ತಿರಲಿಲ್ಲ, ಹಾಡಿದವನ ಹೆಸರೂ ಗೊತ್ತಿರಲಿಲ್ಲ. ಗಾಣದ ಎಂಜಿನ್ನು ಹತ್ತಿಕೊಂಡಂತೆ ಶುರುವಾಗುವುದು ಡೀಸೆಲ್ ಹಾಡು. ಮೆಲ್ಲಗೆ ಕುದ್ದು ಕೊನೆಗೆ ಉಕ್ಕುವುದು ಕೊಪ್ಪರಿಗೆ ಹಾಡು.

ಸುಗ್ಗಿ ಮುಗಿಯುವಾಗ ಯಾವ ಹಾಡು ಮೊದಲು ಎಂಬ ಜಗಳ ಬರುತ್ತಿತ್ತು. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡೆವು. ಹಾಡಿಗೊಂದು ಮುತ್ತುಗದ ಎಲೆ. ಪ್ರತಿಯೊಬ್ಬರೂ ಒಂದು ಅಚ್ಚು ಬೆಲ್ಲವನ್ನು ದೊಡ್ಡ, ನಡು, ಸಣ್ಣ ಚೂರಾಗಿ ಒಡೆದು, ಮೆಚ್ಚಿದ ಹಾಡುಗಳ ಎಲೆಗೆ ಇಡುವುದು. ತಕ್ಕಡಿಯಲ್ಲಿ ಹೆಚ್ಚು ತೂಗಿದ ಎಲೆ ಫಸ್ಟು. ಆಮೇಲೆ ಆ ಬೆಲ್ಲವೆಲ್ಲ ಪಾಯಸಕ್ಕೆ. ಆಲೆಮನೆ ಮುಚ್ಚಿಹೋದರೂ ಇದು ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ರೇಡಿಯೊದಿಂದ ಹಿಡಿದಿಟ್ಟ ಕ್ಯಾಸೆಟ್ಟು ಹಾಕಿ ತೂಗುತ್ತಲೇ ಬಂದಿದ್ದೇವೆ.

ಗುಂಪಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. 'ಇಂಗ್ಲಿಷ್ ಚೆಲುವ' ಎಂದೇ ಹೆಸರು. "ಏನಂತ್ಲಾ ಆಡ್ತಾವ್ನೆ ಅವನು?" ಎಂದು ಕೇಳಿದಾಗ ನನಗೆ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಬಾಯಿಗೆ ಬಂದ ಅರ್ಥ ಹೇಳಿದೆ. ಎಲ್ಲ ಹಾಡಿಗೂ ಹೇಳಿದೆ. ಅವರು ಆ ಅರ್ಥ ನೆನೆದುಕೊಂಡೇ ಇಷ್ಟು ವರ್ಷ ಬೆಲ್ಲ ಇಟ್ಟರು.

ಕಳೆದ ವಾರ ನಿಂಗೇಗೌಡ ಫೋನ್ ಮಾಡಿದ. ಆಲೆಮನೆಯಲ್ಲಿ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದವನು ಅವನು. ಈ ಸಲದ ಕೂಟ ಭಾನುವಾರ, ನಾಗಮಂಗಲದ ಹತ್ತಿರದ ಅವನ ಊರಿನಲ್ಲಿ. "ಲೇ ಚೆಲ್ವ, ಈ ಸತಿ ನೀನು ಬಾಯಿ ನೋಯಿಸ್ಕೊಳಂಗಿಲ್ಲ ಕಣ್ಲಾ. ನಮ್ಮ ಮೊಮ್ಮಗ್ಳು ಸಿಂಚನ ನನ್ ಕೈಲಿ ರಾಗ ಅನ್ನುಸ್ಬುಟ್ಟು ಫೋನಲ್ಲೇ ಹಾಡ್ನ ಹುಡುಕ್ಬುಟ್ಳು. ಟೀವಿ ಮ್ಯಾಲೆ ಅರ್ಥ ಕನ್ನಡದಲ್ಲೇ ಬತ್ತದಂತೆ!"

ಅವನು ರಾಗ ಗುನುಗಿದ್ದು ಯಾವ ಹಾಡಿನದೆಂದು ಕೇಳಬೇಕಾಗಿರಲಿಲ್ಲ. ಪ್ರತಿ ವರ್ಷ ಅವನ ದೊಡ್ಡ ಚೂರು ಬೀಳುವುದು ಒಂದೇ ಎಲೆಗೆ, ಅಣ್ಣನ ಹಾಡಿಗೆ. ಮುನಿಸಿಕೊಂಡು ಹೋದ ತಮ್ಮನಿಗಾಗಿ ಅಣ್ಣನೊಬ್ಬ ತನ್ನ ಊಟದಲ್ಲಿ ಅರ್ಧ ಎತ್ತಿಟ್ಟು ಕಾಯುತ್ತಾನೆ ಎಂದು ನಾನು ಅರ್ಥ ಹೇಳಿದ್ದೆ. ಆಗ ನಿಂಗೇಗೌಡನಿಗೂ ಅವನ ತಮ್ಮ ಕಾಳೇಗೌಡನಿಗೂ ಒಂದು ಕರು ಮಾರಿದ ವಿಷಯಕ್ಕೆ ಮಾತು ನಿಂತಿತ್ತು. ಹಾಡು ಕೇಳಿದ ಸಂಜೆಯೇ ಅವನು ಊರಿಗೆ ಹೋಗಿ ತಮ್ಮನನ್ನು ಕರೆತಂದ. ಅಂಥ ಹಾಡಿನ ಅರ್ಥ ನಾನೇ ಕಟ್ಟಿದ್ದೆಂಬುದು, ನಿಜವಾದದ್ದು ಟೀವಿಯಲ್ಲಿ ಬರುವ ಮೊದಲು, ನನ್ನ ಬಾಯಿಂದ ಅವನಿಗೆ ತಿಳಿಯಬೇಕಿತ್ತು. ತಿಳಿದ ಮೇಲೆ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೋ ಇಲ್ಲವೋ, ಅದೇ ಭಯ.

ಶ್ರೀರಂಗಪಟ್ಟಣದಲ್ಲಿ ಇಳಿದು ರಶೀದನ ಪಂಕ್ಚರ್ ಅಂಗಡಿಗೆ ನಡೆದೆ. ಆಲೆಮನೆಯ ಎಂಜಿನ್ನು ಓಡಿಸುತ್ತಿದ್ದವನು, ಆ ಕ್ಯಾಸೆಟ್ಟು ಹಿಡಿದವನೂ ಅವನೇ. ಟ್ಯೂಬು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಕೆಮ್ಮು ಬರುವವರೆಗೆ ನಕ್ಕ.

"ಅರೆ ಚೆಲ್ವಾ ಭಾಯ್, ನಿನ್ನ ಅರ್ಥ ಯಾರಿಗೆ ಬೇಕಿತ್ತು? ನಾನು ಡ್ರಮ್ಮಿಗೆ ಬೆಲ್ಲ ಇಟ್ಟೋನು. ಡೀಸೆಲ್ ಹಾಡಲ್ಲಿ ಏಳು ಹೆಣ್ಣುಮಕ್ಳ ಅಪ್ಪ ಅಳ್ತಾನೆ ಅಂದೆ. ಅಷ್ಟು ಖುಷಿಯಾಗಿ ಯಾವ ಅಪ್ಪ ಅಳ್ತಾನೆ? ಅವತ್ತೇ ಡೌಟ್ ಬಂತು."

"ಅವತ್ತೇ ಹೇಳಬಾರದಾಗಿತ್ತೇ?"

"ಸುಳ್ಳು ಬಹುತ್ ಅಚ್ಛಾ ಇತ್ತು, ಅದಕ್ಕೆ ಸುಮ್ನಾದೆ." ಆಮೇಲೆ ನಗು ನಿಲ್ಲಿಸಿದ. "ಗೌಡಂಗೆ ಹೆಂಗೆ ಹೇಳ್ತೀಯಾ? ಇರು, ನಾನೂ ಬತ್ತೀನಿ. ಅವನು ಹೊಡೆಯೋಕೆ ಬಂದ್ರೆ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಅಂಗಡಿಯನ್ನು ಮಗನಿಗೆ ಒಪ್ಪಿಸಿ ಹೊರಟ. ಪಾಂಡವಪುರಕ್ಕೆ ಹತ್ತು ಹನ್ನೆರಡು ಕಿಲೋಮೀಟರು. ಕಬ್ಬು ತುಂಬಿದ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಾ ಹೋಗಿದ್ದರಿಂದ ತಲುಪುವಾಗ ಊಟದ ಹೊತ್ತು. ಜವರಮ್ಮನ ಮನೆ ಊರಿನ ಅಂಚಿಗೆ, ಎಮ್ಮೆ ಕೊಟ್ಟಿಗೆಯ ಪಕ್ಕ. ಗಾಣಕ್ಕೆ ಕಬ್ಬು ಕೊಡುತ್ತಿದ್ದವಳು ಅವಳು. ನಮ್ಮನ್ನು ಕಂಡವಳೇ ಮುದ್ದೆ ತಿರುವಲು ಕೂತಳು. ಅವರೆಕಾಳು ಸಾರು, ಮೇಲೆ ತುಪ್ಪ. ಉಣ್ಣುವ ಮೊದಲೇ ಹೇಳಬೇಕೆಂದುಕೊಂಡಿದ್ದೆ. ಸಾರಿನ ಘಮಕ್ಕೆ ಸೋತು ಉಂಡ ಮೇಲೆ ಹೇಳಿದೆ.

ಅವಳ ಮೆಚ್ಚಿನದು ಕೈ ಹಾಡು. ಕಬ್ಬಿನ ಗರಿ ಸೀಳಿದ ಗೀರುಗಳೇ ನಿನ್ನ ಕೈಗೆ ಬಳೆ ಎಂದು ಹಾಡುಗಾರ ಒಬ್ಬ ಹೆಂಗಸಿಗೆ ಹೇಳುತ್ತಾನೆ ಎಂದಿದ್ದೆ.

"ಅಂಗಂತ ಆ ದೊರೆ ಏಳ್ಲಿಲ್ವಾ?" ಎಂದಳು.

"ಇಲ್ಲ."

"ಮತ್ಯಾರು ಏಳಿದ್ದು?"

"ನಾನೇ."

ಅವಳು ತನ್ನ ಕೈ ನೋಡಿಕೊಂಡಳು. ನನ್ನನ್ನು ನೋಡಿದಳು. "ಅಯ್ಯೋ ನಿನ್ನ ಮನೆ ಕಾಯ್ವೋಗ! ನಮ್ ಯಜಮಾನ್ರಿಗೆ ಗೊತ್ತಾಗಿದ್ರೆ ಕಬ್ಬಿನ ಜೊತೆ ನಿನ್ನೂ ಗಾಣಕ್ಕೆ ಕೊಟ್ಟುಬುಡೋರು." ರಶೀದ್ ಗೋಡೆ ಕಡೆ ತಿರುಗಿ ನಗುತ್ತಿದ್ದ. "ನೀನೇನ್ಲಾ ಸಾಬಣ್ಣ ಕಿಸೀತೀಯಾ?" ಎಂದು ಅವನನ್ನೂ ಗದರಿಸಿ, ನನ್ನ ಲೋಟಕ್ಕೆ ಕೇಳದೆಯೇ ಇನ್ನಷ್ಟು ಮಜ್ಜಿಗೆ ಬಗ್ಗಿಸಿದಳು. ಆಮೇಲೆ ದನಿ ತಗ್ಗಿಸಿ, "ನಂಗೇನೋ ನಗ ಬತ್ತದೆ. ನಿಂಗೇಗೌಡಂಗೆ ಬರಕಿಲ್ಲ ಕಣಪ್ಪ," ಎಂದಳು. ಆ ಮಾತಿಗೆ ರಶೀದನ ನಗುವೂ ನಿಂತಿತು. ಅಂದು ಅಲ್ಲೇ ಉಳಿದೆವು.

ಪಾಂಡವಪುರದಿಂದ ನಾಗಮಂಗಲಕ್ಕೆ ನೆಟ್ಟಗಿನ ದಾರಿಯಿದೆ. ಭಾನುವಾರ ನಾವು ಮೂವರೂ ಕೆ.ಆರ್. ಪೇಟೆ ಸುತ್ತಿ ಹೋದೆವು. ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನು ನೋಡಬೇಕೆಂದು ಜವರಮ್ಮ ಹಟ ಹಿಡಿದಳು. "ಎಂಗೂ ನಂಗೆ ಫ್ರೀ," ಎಂದು ಸೊನ್ನೆ ರೂಪಾಯಿಯ ಟಿಕೇಟನ್ನು ನಮ್ಮಿಬ್ಬರ ಮುಖದ ಮುಂದೆ ಆಡಿಸಿದಳು. ನಾನೂ ಬೇಡ ಅನ್ನಲಿಲ್ಲ. ದಾರಿ ಉದ್ದವಾದಷ್ಟೂ ನನಗೆ ಒಳ್ಳೆಯದೇ ಆಗಿತ್ತು.

ಕೆ.ಆರ್. ಪೇಟೆ ಬಸ್ ನಿಲ್ದಾಣದ ಎದುರು ತಟ್ಟೆ ಇಡ್ಲಿ ತಿಂದೆವು. ಚಟ್ನಿ ಖಾರ, ಕಾಫಿ ಚೆನ್ನಾಗಿತ್ತು. ಗೋವಿಂದನಹಳ್ಳಿಗೆ ಆಟೊ ಮಾಡಿಕೊಂಡೆವು. ಒಂದೇ ಸಾಲಿನಲ್ಲಿ ಐದು ಗುಡಿ, ಉದ್ದನೆಯ ತಂಪಾದ ಕಲ್ಲಿನ ಮಂಟಪ. ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಜವರಮ್ಮ ಐದು ಕಡೆಯೂ ಒಂದೇ ಅಳತೆಗೆ ಬಗ್ಗಿ ಕೈಮುಗಿದಳು.

"ಐದ್ರಲ್ಲಿ ಯಾವ್ದು ಫಸ್ಟು ಜವರಕ್ಕಾ?" ಎಂದ ರಶೀದ್.

"ನಂಬರ್ ಆಕಕ್ಕೆ ಇದೇನ್ ನಿನ್ನ ಕ್ಯಾಸೆಟ್ಟಾ? ಐದೂ ಫಸ್ಟೇ."

ನಾನು ಕಂಬಕ್ಕೆ ಒರಗಿ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಜೋಡಿಸಿದಷ್ಟೂ ಅದು ನನ್ನನ್ನು ಸಮರ್ಥಿಸುವ ಮಾತಾಗುತ್ತಿತ್ತು. ಕೊನೆಗೆ ಬಿಟ್ಟುಬಿಟ್ಟೆ.

ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗ ಬಿಸಿಲು ಏರಿತ್ತು. ರಾಗಿ ಕೊಯ್ದ ಹೊಲಗಳು, ಹುಲ್ಲಿನ ಮೆದೆಗಳು, ಅಲ್ಲಲ್ಲಿ ಬಂಡೆ. ನಾಗಮಂಗಲ ಪೇಟೆಯಲ್ಲಿ ಬಸ್ಸು ಬದಲಿಸಿ ಆದಿಚುಂಚನಗಿರಿ ಕಡೆಯ ರಸ್ತೆಯಲ್ಲಿ ನಿಂಗೇಗೌಡನ ಊರಿಗೆ ಇಳಿದಾಗ ಅಂಗಳಕ್ಕೆ ಶಾಮಿಯಾನ ಹಾಕಿಯಾಗಿತ್ತು. ಆಲೆಮನೆಯ ಹಳೆಯ ಮಂದಿ, ಅವರ ಸೊಸೆಯರು, ಮೊಮ್ಮಕ್ಕಳು ಸೇರಿದ್ದರು. ನಾನು ನಿಂಗೇಗೌಡನನ್ನು ಹಸುಗಳಿದ್ದ ಕಡೆಗೆ ಕರೆದುಕೊಂಡು ಹೋದೆ.

"ಗೌಡ, ಅಣ್ಣನ ಹಾಡಿನ ಅರ್ಥ ನಾನು ಕಟ್ಟಿ ಹೇಳಿದ್ದು. ನನಗೆ ಆ ಇಂಗ್ಲಿಷ್ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯುವುದಿಲ್ಲ. ತಪ್ಪಾಯಿತು," ಎಂದೆ.

ಅವನು ಹಸುವಿನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. "ಬಂದೋರ್ಗೆ ಪಾನಕ ಕೊಡ್ರಪ್ಪಾ," ಎಂದು ಒಳಕ್ಕೆ ಕೂಗಿ, ನನ್ನ ಕಡೆ ತಿರುಗದೆ ಹೋಗಿಬಿಟ್ಟ.

ಸಿಂಚನ ಹುಡುಕಿಟ್ಟಿದ್ದ ಹಾಡುಗಳು ಟೀವಿಯಲ್ಲಿ ಶುರುವಾದವು. ಡೀಸೆಲ್ ಹಾಡಿಗೆ ರಶೀದ್ ತೊಡೆ ತಟ್ಟಿದ. ಆಮೇಲೆ ಸಿಂಚನ ಅಣ್ಣನ ಹಾಡು ಹಾಕಿದಳು. ಆ ಗಿಟಾರಿನ ಅಳು ಕೇಳುತ್ತಿದ್ದಂತೆ ಎಲ್ಲರೂ ಟೀವಿಯ ಹತ್ತಿರ ಸರಿದರು. ಟೀವಿಯ ಕೆಳಗೆ ಕನ್ನಡ ಅಕ್ಷರಗಳು ಮೂಡಿದವು. ಹಾಡುಗಾರನ ಕೆಂಪು ಕಾರು ಹೆದ್ದಾರಿಯಲ್ಲಿ ನಿಂತುಹೋಗಿತ್ತು. ಕ್ಲಚ್ಚು ಸುಟ್ಟುಹೋಗಿತ್ತು. ಅವನು ಅಷ್ಟೂ ಹೊತ್ತು ಗೋಳಾಡುತ್ತಿದ್ದುದು ಆ ಕ್ಲಚ್ಚಿಗೆ.

ಯಾರಿಗೂ ನಗುವ ಧೈರ್ಯವಿರಲಿಲ್ಲ. ಎಲ್ಲರೂ ನಿಂಗೇಗೌಡನ ಮುಖ ನೋಡಿದರು. ಮೊದಲು ಪುಸಕ್ಕೆಂದವನು ಅವನ ತಮ್ಮ ಕಾಳೇಗೌಡ. ಅವನು ಜೀವನವಿಡೀ ಟ್ರಾಕ್ಟರು ಓಡಿಸಿದವನು. "ಅಣ್ಣೋ, ಈ ನೋವು ನಂಗೊತ್ತು ಕಣಣ್ಣೋ!" ಎಂದು ಎದೆ ಮುಟ್ಟಿಕೊಂಡ. ಶಾಮಿಯಾನವೇ ಹಾರಿಹೋಗುವಂತೆ ಜನ ನಕ್ಕರು.

ನಿಂಗೇಗೌಡ ನಗಲಿಲ್ಲ. ನಗು ಇಳಿದ ಮೇಲೆ ಎಲ್ಲರ ಮುಂದೆ ನನ್ನನ್ನು ಕೇಳಿದ. "ಅಂಗಾರೆ ಆ ಅಣ್ಣ ಎಲ್ಲಿಂದ ಬಂದ್ನಲಾ? ನಿಂಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ."

ನಾನು ಇದ್ದದ್ದನ್ನು ಹೇಳಿದೆ. "ಆ ದಿನಗಳಲ್ಲಿ ನೀನು ಬುತ್ತಿ ಬಿಚ್ಚಿದರೆ ಮುದ್ದೆಯಲ್ಲಿ ಅರ್ಧ ಮುರಿದು ಪಕ್ಕಕ್ಕಿಡುತ್ತಿದ್ದೆ. ಯಾರಿಗೆ ಅಂತ ಕೇಳಿದರೆ, ಅಭ್ಯಾಸ ಅನ್ನುತ್ತಿದ್ದೆ. ಕಾಗೆ ತಿಂದುಕೊಂಡು ಹೋಗುತ್ತಿತ್ತು. ಹಾಡು ಬರುವಾಗ ನನ್ನ ಕಣ್ಣು ಆ ಮುದ್ದೆ ಮೇಲಿತ್ತು. ಅದನ್ನೇ ಹೇಳಿದೆ."

ಕಾಳೇಗೌಡ ನಗುವುದನ್ನು ಬಿಟ್ಟು ಅಣ್ಣನನ್ನೇ ನೋಡುತ್ತಿದ್ದ. ಅವನಿಗೆ ಈ ಮುದ್ದೆಯ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಿಂಗೇಗೌಡ ಟವಲಿನಿಂದ ಮುಖ ಒರೆಸಿಕೊಂಡ. "ಸಿಂಚು, ಇನ್ನೊಂದು ಎಲೆ ಆಕವ್ವ. ಅದು ಕ್ಲಚ್ಚಿನ ಹಾಡು. ಇದು ಅಣ್ಣನ ಹಾಡು."

"ಒಂದೇ ರಾಗಕ್ಕೆ ಎರಡು ಎಲೆ ಎಲ್ಲಾದ್ರೂ ಉಂಟಾ?" ಎಂದು ರಶೀದ್ ಎದ್ದು ನಿಂತ. ದೊಡ್ಡ ವಾದ ನಡೆಯಿತು. ರಾಗಕ್ಕೆ ಎಲೆಯೋ, ಅರ್ಥಕ್ಕೆ ಎಲೆಯೋ? ಡೀಸೆಲ್ ಹಾಡಿನ ಪರ ಒಬ್ಬರು, ಕೊಪ್ಪರಿಗೆ ಹಾಡಿನ ಪರ ಇಬ್ಬರು ಕೂಗಾಡಿದರು. ಕೊನೆಗೆ ಮನೆಯವನ ಮಾತೇ ನಡೆಯಿತು.

ನಿಂಗೇಗೌಡ ಅಣ್ಣನ ಹಾಡಿನ ಎಲೆಗೆ ದೊಡ್ಡ ಚೂರಿಟ್ಟ. ಅವನ ಹಿಂದೆಯೇ ಬಂದ ಕಾಳೇಗೌಡ ತನ್ನ ದೊಡ್ಡ ಚೂರನ್ನು ಕ್ಲಚ್ಚಿನ ಎಲೆಗೆ ಇಟ್ಟ. "ಥೂ, ನಿನ್ನ ಕರ್ಕೊಂಡು ಬಂದಿದ್ದೇ ತಪ್ಪಾಯ್ತಲ್ಲೋ!" ಎಂದ ಅಣ್ಣ. "ಅನ್ನ ಬ್ಯಾರೆ, ಓಟು ಬ್ಯಾರೆ ಕಣಣ್ಣ," ಎಂದ ತಮ್ಮ. ಜವರಮ್ಮ ನನ್ನ ಕಡೆ ಒಂದು ಸಲ ಕಣ್ಣು ಹೊರಳಿಸಿ ತನ್ನದನ್ನು ಕೈ ಹಾಡಿಗೇ ಇಟ್ಟಳು. ನಾನು ನನ್ನ ದೊಡ್ಡ ಚೂರನ್ನು ಕ್ಲಚ್ಚಿನ ಎಲೆಗೆ ಇಟ್ಟೆ.

"ನಿನ್ ಸುಳ್ಳಿಗೆ ನೀನೇ ಆಕ್ಲಿಲ್ವಲ್ಲೋ!" ಎಂದಳು ಜವರಮ್ಮ.

"ಹಾಕಿದರೆ ಅದು ಇನ್ನೊಂದು ಮೋಸ," ಎಂದೆ. ನಿಂಗೇಗೌಡ ಅದನ್ನು ಕೇಳಿಸಿಕೊಂಡ.

ಕ್ಲಚ್ಚಿನ ಹಾಡು ಒಂದು ಚಿಟಿಕೆಯಷ್ಟು ಹೆಚ್ಚು ತೂಗಿ ಮೊದಲು ಬಂತು. ಅಣ್ಣನ ಹಾಡು ಎರಡನೆಯದು. ತಕ್ಕಡಿ ಸರಿಯಿಲ್ಲವೆಂದು ಒಂದಷ್ಟು ಜಗಳವಾಯಿತು. ಪಾಯಸಕ್ಕೆ ಬೆಲ್ಲ ಹೆಚ್ಚಾಗಿತ್ತು, ಯಾರೂ ಬಿಡಲಿಲ್ಲ. ಊಟಕ್ಕೆ ನಿಂಗೇಗೌಡನ ಸಾಲಿನಲ್ಲಿ ಜಾಗವಿದ್ದರೂ ನಾನು ಕೊನೆಯಲ್ಲಿ ಕೂತೆ. ಅವನು ಕರೆಯಲಿಲ್ಲ.

ಸಂಜೆ ಬಿಸಿಲಿಗೆ ನಾವು ಮೂವರೂ ನಾಗಮಂಗಲದ ಬಸ್ಸು ಹತ್ತಿದೆವು. ಜಾಗ ಸಿಕ್ಕಿ ಕೂತಿದ್ದೆ. ಅಷ್ಟರಲ್ಲಿ ನಿಂಗೇಗೌಡ ಪಂಚೆ ಎತ್ತಿ ಕಟ್ಟಿ ಓಡಿಬಂದು ಕಿಟಕಿ ಹಿಡಿದುಕೊಂಡ. ಏದುಸಿರು.

"ಲೇ, ಕೊಪ್ಪರಿಗೆ ಹಾಡಿಗೆ ಏನಂದಿದ್ದೆ ನೀನು? ಟೀವೀಲಿ ಬಂದುದ್ದು ಒಂಚೂರೂ ಚೆನ್ನಾಗಿಲ್ಲ. ನೀನು ಏಳಿದ್ದು ನಂಗೆ ಮರ್ತೋಗದೆ."

"ನನಗೆ ಅದರ ಅರ್ಥ ಗೊತ್ತಿಲ್ಲ ಗೌಡ," ಎಂದೆ. ಅವನು ಅರ್ಥ ಕೇಳಿದ ಕೂಡಲೇ ಆ ಮಾತನ್ನು ಹೇಳಿದ್ದು ಜೀವನದಲ್ಲಿ ಅದೇ ಮೊದಲು.

"ಗೊತ್ತಿಲ್ಲ ಅಂತ ಗೊತ್ತು ಕಣ್ಲಾ. ಏನಾರ ಏಳು!"

ಬಸ್ಸು ಹೊರಟಿತು. ಅವನು ಕಿಟಕಿ ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ಓಡಿ ಬಿಟ್ಟ. ನಾನು ತಲೆ ಹೊರಗೆ ಹಾಕಿ ಬಾಯಿಗೆ ಬಂದದ್ದನ್ನು ಕೂಗಿದೆ. ಒಂದು ಮುದಿ ಎಮ್ಮೆ, ಅದರ ಮೇಲೆ ಮೆರವಣಿಗೆ ಹೊರಟ ಮದುಮಗ, ದಾರಿಯಲ್ಲಿ ಸಿಕ್ಕಿದ ಕೆರೆ. ರಶೀದ್ ಸೀಟಿನ ಹಿಂಬದಿಗೆ ಡ್ರಮ್ಮು ಬಾರಿಸತೊಡಗಿದ. "ಯಜಮಾನ್ರೇ, ತಲೆ ಒಳಗಾಕಿ," ಎಂದು ಕಂಡಕ್ಟರು ಗದರಿದ. ಬಸ್ಸು ತಿರುವು ದಾಟುವಾಗ ಹಿಂತಿರುಗಿ ನೋಡಿದೆ. ನಿಂಗೇಗೌಡ ರಸ್ತೆಯ ನಡುವೆ ನಿಂತು, ಒಂದು ಕಿವಿಗೆ ಅಂಗೈ ಒಡ್ಡಿ, ಇನ್ನೊಂದು ಕೈಯಲ್ಲಿ ಮುಂದಕ್ಕೆ ಹೇಳು, ಮುಂದಕ್ಕೆ ಹೇಳು ಎಂದು ಸನ್ನೆ ಮಾಡುತ್ತಿದ್ದ.