ಪುರಾವೆ ರಾಯರ ಒಂದೇ ಒಂದು ಸಾಲು

ಪತ್ರಿಕೆಯೊಂದರಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿ ನಿವೃತ್ತರಾದ ಆ ಮನುಷ್ಯನಿಗೆ ಹೆತ್ತವರಿಟ್ಟ ಹೆಸರು ಏನೇ ಇರಲಿ, ಬಲ್ಲವರೆಲ್ಲ ಕರೆಯುತ್ತಿದ್ದುದು ಪುರಾವೆ ರಾಯರು ಎಂದೇ. ಹೊರಗೆ ಮಳೆ ಬರುತ್ತಿದೆ ಎಂದರೂ "ಯಾರು ಹೇಳಿದ್ದು?" ಎನ್ನುವ ಆಸಾಮಿ! ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶವೊಂದರಲ್ಲಿ, ಹೆಸರಾಂತ ನಟನೊಬ್ಬನ ಪುಟಕ್ಕೆ ಅವರು ಕಾವಲು ಕೂತಿದ್ದರು. ಅಭಿಮಾನಿಗಳು ಹುಟ್ಟಿಸಿದ ಪ್ರಶಸ್ತಿ, ಓದದೇ ಬಂದ ಪದವಿ, ಎಲ್ಲಕ್ಕೂ ಕತ್ತರಿ. ಅಚ್ಚಾದ ಪುರಾವೆ ಇಲ್ಲದ ಸಾಲು ಅಲ್ಲಿ ಒಂದು ದಿನವೂ ಬಾಳುತ್ತಿರಲಿಲ್ಲ.

ಬಾಳಿದ್ದು ಒಂದೇ. "ಇವರಿಗೆ ನಟನೆ ಕಲಿಸಿದವರಿಲ್ಲ, ಕನ್ನಡಿಯ ಮುಂದೆ ನಿಂತು ತಾವೇ ಕಲಿತರು." ಒಂಬತ್ತು ವರ್ಷದ ಹಿಂದೆ ಅದನ್ನು ಬರೆದವರು ಸಾಕ್ಷಾತ್ ರಾಯರೇ.

ಹೊಟ್ಟೆಕಿಚ್ಚು, ಇನ್ನೇನು! ಆ ನಟನಿಗೆ ಮಾತಾಡಲು, ಅಳಲು, ಸುಮ್ಮನೆ ನಿಲ್ಲಲು ಕಲಿಸಿದವಳು ರಾಯರ ಒಡಹುಟ್ಟಿದ ಅಕ್ಕ. ಶಾಲೆಯ ಸಾಮಾನು ಕೋಣೆಯಲ್ಲಿ, ಮುರಿದ ಬೆಂಚುಗಳ ನಡುವೆ, ಆರು ವರ್ಷ ಕಲಿಸಿದ್ದಳು. ಅದೇ ಕೋಣೆಯಲ್ಲಿ ಎಲ್ಲರೆದುರು ತಮ್ಮನಿಗೆ, "ನಿನ್ನ ಕೈಲಾಗಲ್ಲ ಕಣೋ, ಆಚೆ ಸರಿ" ಎಂದು ಹೇಳಿ ನಾಟಕದಲ್ಲಿ ಅವನಿಗಿದ್ದ ಪಾತ್ರವನ್ನು ಆ ಹುಡುಗನಿಗೆ ಕೊಟ್ಟವಳೂ ಅವಳೇ. ನಲವತ್ತು ವರ್ಷ ನುಂಗಿಕೊಂಡಿದ್ದ ಸಿಟ್ಟನ್ನು ರಾಯರು ಆ ಸಾಲಿನಲ್ಲಿ ತೀರಿಸಿಕೊಂಡಿದ್ದರು.

ಈಗ ಅಕ್ಕನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಡಾಕ್ಟರು ಕೈಚೆಲ್ಲಿದ್ದರು.

"ಆ ಪುಟ ನೀನೇ ನೋಡ್ಕೋತೀಯಂತಲ್ಲೋ. ಅದ್ರಲ್ಲಿ ನನ್ನ ಹೆಸರೊಂದು ಹಾಕೋ. ಕಣ್ಣಿರೋವಾಗ್ಲೇ ಓದ್ಬಿಡ್ತೀನಿ."

ಅಕ್ಕ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ರಾಯರು ಅವತ್ತೇ ಪುಟ ತೆರೆದರು. ಸಾಲು ಅಳಿಸಿ ಅಕ್ಕನ ಹೆಸರು ಬರೆದರು. ಹತ್ತು ನಿಮಿಷವಾಗಿರಲಿಲ್ಲ, ಹಳೆಯ ಸಾಲು ವಾಪಸ್! ಆ ವಿಶ್ವಕೋಶದಲ್ಲಿ ರಾಯರೇ ಪಳಗಿಸಿದ ಸಂಪಾದಕಿಯೊಬ್ಬಳು ಅದರ ಕೆಳಗೆ ಮೂರು ಪತ್ರಿಕೆಗಳ ಪುರಾವೆಯನ್ನೂ ಅಂಟಿಸಿದ್ದಳು. ತೆರೆದು ನೋಡಿದರೆ ಮೂರೂ ರಾಯರ ಸಾಲನ್ನೇ ನಕಲು ಹೊಡೆದಿದ್ದವು. ಅದರಲ್ಲೊಂದು ಅವರೇ ದುಡಿದ ಪತ್ರಿಕೆ.

"ಅದನ್ನ ಬರೆದದ್ದು ನಾನೇ ಕಣಮ್ಮಾ, ಶುದ್ಧ ಸುಳ್ಳು" ಎಂದು ಮಾನ ಬಿಟ್ಟು ಅವಳಿಗೆ ಬರೆದರು.

"ಬಾಯಿಮಾತು ಪುರಾವೆಯಲ್ಲ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಸಾರ್?" ಎಂದು ಉತ್ತರ ಬಂತು.

ಸಾಮಾನು ಕೋಣೆಯ ಸುದ್ದಿಯನ್ನು ಯಾವ ಪತ್ರಿಕೆ ಬರೆದಿತ್ತು? ನಿನ್ನ ಹೆಸರಿಗೆ ಪುರಾವೆ ಹುಡುಕುತ್ತಿದ್ದೇನೆ ಎಂದಷ್ಟೇ ಅಕ್ಕನಿಗೆ ಹೇಳಿದರು. ಮರುವಾರ ಆ ನಟ ಮಹಾಶಯನ ಸಂದರ್ಶನವೇ ಬಂತು. ಅಕ್ಕ ಪೇಪರನ್ನು ತಮ್ಮನ ಕೈಗಿಟ್ಟು, "ನನಗೆ ಕಾಣ್ಸಲ್ಲ, ಓದೋ" ಎಂದಳು. ರಾಯರು ಹಾರಿಸಿ ಓದಬಹುದಿತ್ತು. ಆದರೆ ಅಕ್ಷರ ಬಿಡದೆ ಓದುವ ಹಾಳು ಚಟ, ನಾಲಿಗೆ ಓದಿಬಿಟ್ಟಿತು: "ನನಗೆ ಕಲಿಸಿದವರು ಯಾರೂ ಇಲ್ಲ. ಕನ್ನಡಿಯೇ ನನ್ನ ಗುರು."

ಅಕ್ಕ ಕನ್ನಡಕ ತೆಗೆದಿಟ್ಟಳು. "ಅವನೇ ಹೇಳ್ತಿದ್ದಾನಲ್ಲ. ಹಾಗಾದ್ರೆ ನಾನೇನೂ ಕಲಿಸ್ಲಿಲ್ವೇನೋ."

ಆ ಸಾಲು ಹುಟ್ಟಿಸಿದ್ದು ತಾವೇ ಎಂದು ರಾಯರು ಹೇಳಹೊರಟರು. ಅಷ್ಟರಲ್ಲಿ ಅಕ್ಕ ತಡಕಾಡಿ ಅವರ ಕೈ ಹಿಡಿದುಕೊಂಡಳು.

"ಪಾಪ, ನನಗೋಸ್ಕರ ಎಷ್ಟು ಒದ್ದಾಡ್ದೆ ನೀನು. ಅವತ್ತು ಆ ಪಾತ್ರ ನಿನಗೇ ಕೊಡ್ಬೇಕಿತ್ತು ಕಣೋ."

ರಾಯರು ಪೇಪರು ಮಡಿಸಿಟ್ಟು, "ಮುಂದೆ ಓದಲೇ ಅಕ್ಕ? ನಿನ್ನ ಹೆಸರಿದೆ" ಎಂದರು.